ಹಗ್ಗ ಬದಲಾಯಿಸಿದ ಮೇಲೆ

ಈ ಪ್ರಯಾಣಕ್ಕೆ ನನಗೆ ಒಂದು ಜೊತೆ ಹಳ್ಳಿಕಾರ್ ಹೋರಿ ಖರ್ಚಾಯಿತು. ನಾಲ್ಕು ಹಲ್ಲಿನ ಹರೆಯದವು. ಒಂದೇ ಬಣ್ಣ, ಒಂದೇ ಎತ್ತರ. ಒಂದರ ಕೊಂಬನ್ನು ಕನ್ನಡಿಯಲ್ಲಿ ನೋಡಿದರೆ ಇನ್ನೊಂದರ ಕೊಂಬು. ಇಂಥ ಜೊತೆಯನ್ನು ಅವಸರಕ್ಕೆ ಬಿದ್ದು ಮಾರಬಾರದು ಎಂದು ಇಪ್ಪತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವನು ನಾನು. ಕೊನೆಗೆ ನಾನೇ ಅವಸರಕ್ಕೆ ಬಿದ್ದು ಮಾರಿದೆ. ಮಲೇಷ್ಯಾಕ್ಕೆ ಹೋಗಲು ಒಂದು ಟಿಕೆಟ್ ಬೇಕಿತ್ತು, ಬರಲು ಎರಡು.

ಎರಡನೆಯದು ನನ್ನ ಅಕ್ಕ ಪುಟ್ಟಮ್ಮನಿಗೆ. ಮೂರು ತಿಂಗಳೆಂದು ಭಜನೆಯವರ ಜೊತೆ ಹೋದವಳು ಎರಡು ವರ್ಷವಾದರೂ ಬಂದಿರಲಿಲ್ಲ. ಇತ್ತ ಅವಳ ಒಬ್ಬಳೇ ಮಗಳು ಗೌರಿಯ ಬಸಿರಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲು ಬಾಣಂತನ ತವರಿನದು, ತವರೆಂದರೆ ತಾಯಿ. ಗೌರಿ ಎಸ್‌ಟಿಡಿ ಬೂತಿನಿಂದ ಎಷ್ಟು ಸಲ ಫೋನ್ ಮಾಡಿದರೂ ಅತ್ತಲಿಂದ ಯಾವನೋ ಒಬ್ಬ, "ತಾಯಿ ಧ್ಯಾನದಲ್ಲಿದ್ದಾರೆ" ಎನ್ನುತ್ತಿದ್ದ. ಕಟುಕರ ಅಡ್ಡೆಯಿಂದ ಹಸುವನ್ನೇ ಬಿಡಿಸಿ ತಂದವನು ನಾನು, ಅಕ್ಕನನ್ನು ತರಲಾರೆನೇ ಎಂದುಕೊಂಡು ಹೊರಟೆ.

ತಾಳವಾಡಿ

ನಾನು ತಮಿಳುನಾಡಿಗೆ ಸೇರಿದ ನಮ್ಮ ಈ ಕನ್ನಡದ ತಾಳವಾಡಿಯಲ್ಲಿ ದನದ ದಲ್ಲಾಳಿ. ಅಪ್ಪ ಕಂಡವರ ಹೊಲದಲ್ಲಿ ಕೂಲಿ ಮಾಡಿ ಬೇಗ ಸತ್ತ. ಅವ್ವ ಅದಕ್ಕೂ ಮುಂಚೆ. ನನಗಿಂತ ಎಂಟು ವರ್ಷಕ್ಕೆ ದೊಡ್ಡವಳಾದ ಅಕ್ಕ ಯಾರು ಯಾರದೋ ದನ ಕಾಯ್ದು ನನ್ನ ಹೊಟ್ಟೆ ತುಂಬಿಸಿದಳು. ಬಾಯಿ ಬಿಡಿಸಿ ಹಲ್ಲು ನೋಡುವ ಮುಂಚೆ ಕಣ್ಣು ನೋಡಿಯೇ ದನದ ವಯಸ್ಸು ಹೇಳುತ್ತಿದ್ದಳು. ನನ್ನ ಕಸುಬಿನ ಮೊದಲ ಮೇಷ್ಟರು ಅವಳೇ. ಗಂಡ ಸತ್ತ ಮೇಲೆ ಗೌರಿಯನ್ನು ಕಟ್ಟಿಕೊಂಡು ನನ್ನ ಮನೆ ಪಕ್ಕದಲ್ಲೇ ಇದ್ದಳು.

ಆ ಕಾಲಕ್ಕೆ ಸಿದ್ದಪ್ಪ ಎಂಬ ಟೈಲರು ತಾಳಮಲೆ ದಾರಿಯ ಒಂದು ಶೆಡ್ಡಿನಲ್ಲಿ ಸೋಮವಾರ ಸೋಮವಾರ ಭಜನೆ ಶುರುಮಾಡಿದ. ಅದು ಒಳ್ಳೆಯ ಭಜನೆ. ಈಗಲೂ ಹೇಳುತ್ತೇನೆ, ಒಳ್ಳೆಯದೇ. ಜೀರಹಳ್ಳಿಯ ರಂಗಸ್ವಾಮಿ ಹೆಂಡತಿಯ ತಾಳಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಕುಡಿದಿದ್ದವನು, ಅಲ್ಲಿಗೆ ಹೋಗಿ ಕುಡಿತ ಬಿಟ್ಟ. ಅಕ್ಕ ಅಲ್ಲಿ ಹಾಡುತ್ತಿದ್ದಳು. ಹಾಡಿನ ನಡುವೆ ಸಿದ್ದಪ್ಪನನ್ನು ರೇಗಿಸುತ್ತಿದ್ದಳು.

"ಸಿದ್ದಪ್ಪಾ, ದ್ಯಾವ್ರ ಅಳತೆ ಸರ್ಯಾಗಿ ತಕ್ಕಂಡಿದ್ದೀಯಾ? ನನ್ ರವಿಕೆ ತೋಳು ಬಿಗಿ ಮಾಡ್ದಂಗ ಮಾಡ್ಬುಟ್ಟಿಯೆ!"

"ಬಟ್ಟೆ ಸರ್ಯಾಗೇ ಇತ್ತು ಕಣವ್ವ, ನಿನ್ ತೋಳು ಬೆಳೆದ್ರ ನಾ ಏನ್ ಮಾಡ್ಲಿ?"

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಸಿದ್ದಪ್ಪ. ದೀಪಾವಳಿ ಕಳೆದ ಮೇಲೆ ಗುಮಟಾಪುರದಲ್ಲಿ ಬೀರೇಶ್ವರನ ಗುಡಿ ಹಿಂದೆ ಸಗಣಿ ಗುಡ್ಡೆ ಹಾಕಿಕೊಂಡು ಎರಚಾಡುತ್ತಾರಲ್ಲ, ಅಲ್ಲಿಗೂ ಬರುತ್ತಿದ್ದ. ಕಿವಿಯೊಳಗಿನ ಸಗಣಿ ತೆಗೆದುಕೊಳ್ಳುತ್ತಲೇ ಭಜನೆಗೆ ಕರೆಯುತ್ತಿದ್ದ.

ಒಂದು ದಿನ ಟೀ ಅಂಗಡಿಯ ಬೆಂಚಿನ ಮೇಲೆ ಪಕ್ಕದಲ್ಲಿ ಬಂದು ಕೂತ. "ಜನ ಬತ್ತರ ಮಾದಪ್ಪಣ್ಣ, ನಿಲ್ಲಲ್ರು. ನಾಕು ವಾರ ಬತ್ತರ, ಮನೇಲಿ ಯಾರೋ ಏನೋ ಅಂತರ, ಬುಟ್ಬುಡ್ತರ. ಆಮ್ಯಾಕ ತಿರ್ಗ ಕುಡಿತ. ಏನ್ ಮಾಡದು?"

ಯಾರಾದರೂ ಉಪಾಯ ಕೇಳಿದರೆ ನನಗೆ ಹೊಟ್ಟೆ ತುಂಬಿದ ಹಾಗೆ. ಹಕಾರವಿಲ್ಲದ ನಮ್ಮ ಕಡೆಯ ಮಾತಿನಲ್ಲಿ ಟೀ ಆರುವ ತನಕ ಹೇಳಿದೆ.

"ಅಸ ಕೊಂಡ್ರ ಏನ್ ಮಾಡ್ತೀವಿ ಏಳು? ಅಳೇ ಅಗ್ಗ ಮಾರ್ದೋನು ಬಿಚ್ಕಂಡು ಓಯ್ತನ. ನಾವು ಒಸ ಅಗ್ಗ ಆಕ್ತೀವಿ, ಒಸ ಎಸ್ರು ಇಡ್ತೀವಿ, ನಮ್ ಕೈಲೇ ಬೂಸ ತಿನ್ನುಸ್ತೀವಿ. ಮೂರ್ ತಿಂಗ್ಳು ಅಳೇ ಮನೆಯೋರ ದನಿ ಕಿವೀಗ ಬೀಳ್ಬಾರ್ದು. ಬಿದ್ರ ಅಂಬಾ ಅಂತ ಕಿತ್ಕಂಡ್ ಓಯ್ತದ. ಜನ್ವೂ ಅಷ್ಟೇಯ."

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಇನ್ನೊಂದ್ ಏಳ್ತೀನಿ ಕೇಳು. ನಿನ್ನ ಟೈಲರು ಅನ್ನಕ್ಕ ಬುಡ್ಬ್ಯಾಡ. ರವಿಕೆ ಮಾತು ನಿಲ್ಸು. ಮಾಲಿನ ಮ್ಯಾಲ ನಗಾಡ್ದೋರು ಬೆಲೆ ಕೊಡಲ್ಲ."

ಸಿದ್ದಪ್ಪ ತಲೆಯಾಡಿಸಿದ. ಟೀ ಅವನೇ ಕೊಡಿಸಿದ. ಮುಂದಿನ ದೀಪಾವಳಿಗೆ ಗುಮಟಾಪುರಕ್ಕೆ ಅವನು ಬರಲಿಲ್ಲ. ಸಗಣಿಗೆ ಮುಖ ನೋಡಿ ಮಣೆ ಹಾಕುವುದು ಗೊತ್ತಿಲ್ಲವಲ್ಲ; ಗುರುಗಳಾದವರು ಅಲ್ಲಿ ನಿಲ್ಲುವುದು ಹೇಗೆ? ಆಗ ನಾನು ಪರವಾಗಿಲ್ಲ, ಮಾತು ಕೇಳುತ್ತಾನೆ ಎಂದು ಹೆಮ್ಮೆಪಟ್ಟೆ.

ಘಾಟಿ ಇಳಿದು, ಕಡಲು ದಾಟಿ

ದಿಂಬಂ ಘಾಟಿಯ ಇಪ್ಪತ್ತೇಳು ತಿರುವನ್ನು ನೂರಾರು ಸಲ ದನದ ಲಾರಿಯಲ್ಲಿ ಇಳಿದವನು ನಾನು. ಒಂದು ಸಲವೂ ತಲೆ ಸುತ್ತಿರಲಿಲ್ಲ. ಈ ಸಲ ಹತ್ತನೆಯ ತಿರುವಿನಲ್ಲೇ ಕಿಟಕಿಯಿಂದ ಕತ್ತು ಹೊರಗೆ ಹಾಕಿದೆ. ಪಕ್ಕದಲ್ಲಿದ್ದ ಮುದುಕಿ ನಿಂಬೆಹಣ್ಣು ಕೊಟ್ಟು, "ಎಲ್ಲಿಗ್ ಓದೀಯೆ ಮಗಾ?" ಎಂದಳು. ಮಲೇಷ್ಯಾ ಎಂದೆ. "ಸತ್ಯಮಂಗ್ಲದಿಂದ ಆಚ್ಗಾ?" ಎಂದು ಕೇಳಿ, ನಿಂಬೆಹಣ್ಣು ಇನ್ನೊಂದು ಕೊಟ್ಟಳು.

ಚೀಲದಲ್ಲಿ ಅಕ್ಕನಿಗೆಂದು ರಾಗಿ ಹಿಟ್ಟು, ಹುಚ್ಚೆಳ್ಳಿನ ಪುಡಿ ಇತ್ತು. ಕೌಲಾಲಂಪುರದ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬಳು ಗಂಟು ಬಿಚ್ಚಿ, ಬೂದಿ ಬಣ್ಣದ ಹಿಟ್ಟನ್ನು ನೋಡಿ, ನನ್ನನ್ನು ನೋಡಿ, ಇನ್ನಿಬ್ಬರನ್ನು ಕರೆದಳು. ನನ್ನ ತಮಿಳು ಅವರಿಗೆ ತಿಳಿಯದು, ಅವರ ಮಾತು ನನಗೆ ತಿಳಿಯದು. ಕೊನೆಗೆ ಒಂದು ಹಿಡಿ ಹಿಟ್ಟು ತೆಗೆದು ಬಾಯಿಗೆ ಹಾಕಿಕೊಂಡೆ. ಒಣ ಹಿಟ್ಟು ಗಂಟಲಿಗೆ ಅಂಟಿ ಕೆಮ್ಮು ಹತ್ತಿತು, ಮೂಗಿನಿಂದೆಲ್ಲ ಹಿಟ್ಟು. ಮೂವರೂ ನಕ್ಕು ನೀರು ಕೊಟ್ಟು ಕಳಿಸಿದರು. ಸರ್ಕಾರಿ ಜನ ನಗುವುದನ್ನು ನಾನು ನೋಡಿದ್ದು ಆ ದೇಶದಲ್ಲೇ.

ಅಲ್ಲಿಂದ ಕ್ಯಾಮರಾನ್ ಬೆಟ್ಟಕ್ಕೆ ಬಸ್ಸು. ಬೆಟ್ಟದ ಬುಡದ ಊರಿನಲ್ಲಿ ಇಳಿದು ಟ್ಯಾಕ್ಸಿಯವನಿಗೆ ರೇಟು ಕೇಳಿದೆ. ಹೇಳಿದ. ಪದ್ಧತಿಯಂತೆ ಅರ್ಧಕ್ಕೆ ಕೇಳಿ, ಮುಖ ತಿರುಗಿಸಿ ನಾಲ್ಕು ಹೆಜ್ಜೆ ನಡೆದೆ. ನಮ್ಮ ಸಂತೆಯಲ್ಲಾದರೆ ಐದನೆಯ ಹೆಜ್ಜೆಗೆ ಕೂಗುತ್ತಾರೆ. ಎಂಟು, ಹತ್ತು, ಹನ್ನೆರಡು ಹೆಜ್ಜೆಯಾದರೂ ಕೂಗಿಲ್ಲ. ತಿರುಗಿ ನೋಡಿದರೆ ಅವನು ಪೇಪರ್ ಓದುತ್ತಿದ್ದಾನೆ. ಚೀಲ ಹೊತ್ತು ವಾಪಸು ಓಡಿದೆ. ಸಿಟ್ಟಿಲ್ಲ, ಗೆದ್ದೆನೆಂಬ ಗತ್ತಿಲ್ಲ, ಬಾಗಿಲು ತೆಗೆದ. ಮುರುಗೇಶನ್ ಎಂದು ಹೆಸರು. ಅವನ ತಾತ ತೋಟದ ಕೂಲಿಗೆಂದು ಕಡಲು ದಾಟಿದವನಂತೆ. ಇವನ ತಮಿಳಿನಲ್ಲಿ ನಮ್ಮ ಕಡೆ ಈಗ ಯಾರೂ ಆಡದ ಹಳೇ ಮಾತುಗಳಿದ್ದವು.

ಬೆಟ್ಟ ಹತ್ತುತ್ತ ಹೋದ ಹಾಗೆ ಎಲೆಕೋಸಿನ ಸಾಲು. ನಮ್ಮ ಬೆಳ್ಳುಳ್ಳಿ ವಾಸನೆ ಇಲ್ಲದ್ದು ಬಿಟ್ಟರೆ ಎಲ್ಲ ತಾಳವಾಡಿಯೇ. ಆನೆ ಕಾಯುವ ಅಟ್ಟಣೆಯೂ ಕಾಣಲಿಲ್ಲ. ಆನೆಯ ಕಾಟವಿಲ್ಲದೆ ಕೋಸು ಬೆಳೆಯುವವರಿಗೆ ದೇವರು ಯಾತಕ್ಕೆ ಬೇಕು ಎಂದು ಒಂದು ಗಳಿಗೆ ಅನ್ನಿಸಿತು.

ವಿಳಾಸದ ಚೀಟಿ ನೋಡಿ ಮುರುಗೇಶನ್ ಹೇಳಿದ: "ಬಿಳಿಬಟ್ಟೆಯವರ ಮನೆಯಾ? ಒಳ್ಳೆ ಜನ. ಕುಡಿಯೋದಿಲ್ಲ, ಜಗಳ ಇಲ್ಲ. ಅವರ ಕೋಸಿನಲ್ಲಿ ಒಂದು ಹುಳ ಇರೋದಿಲ್ಲ." ಒಂದು ತಿರುವು ದಾಟಿದ ಮೇಲೆ, "ಆದರೆ ಒಬ್ಬರೇ ಅಂಗಡಿಗೆ ಬಂದದ್ದನ್ನ ನಾನು ನೋಡಿಲ್ಲ" ಎಂದ.

ಬೆಟ್ಟದ ಮೇಲೆ, ಮೊದಲ ದಿನ

ಆ ಜಾಗವನ್ನು ಕೊಟ್ಟವರು ಅಲ್ಲಿನ ಒಬ್ಬ ದೊಡ್ಡ ತರಕಾರಿ ಸಾಹುಕಾರರು. ನಮ್ಮ ಕಡೆಗೆ ಬಂದಿದ್ದ ತಮ್ಮ ಮಗನ ಕುಡಿತ ಬಿಡಿಸಿದ ಸಿದ್ದಪ್ಪನನ್ನು ತಾಳವಾಡಿಯಿಂದ ಮೂವತ್ತು ಜನರ ಸಮೇತ ಕರೆಸಿಕೊಂಡಿದ್ದರು. ಮನೆ ಕನ್ನಡಿಯ ಹಾಗಿತ್ತು. ಬಾಗಿಲಲ್ಲಿ ರಂಗಸ್ವಾಮಿ. ಅದೇ ಜೀರಹಳ್ಳಿಯವನು, ಬಿಳಿ ಅಂಗಿ, ಬಿಳಿ ಪಂಚೆ, ಕೆನ್ನೆ ತುಂಬಿಕೊಂಡಿತ್ತು. ಸಂತೋಷದಿಂದ ಹೆಗಲ ಮೇಲೆ ಕೈ ಹಾಕಿದೆ.

"ರಂಗಸ್ವಾಮಿ! ಎಂಗಿದ್ದೀಯಲಾ?"

"ಈಗ ನಾನು ಸತ್ಯಶೀಲ ಅಣ್ಣ," ಎಂದ, ಕೈಯನ್ನು ಮೆಲ್ಲಗೆ ಇಳಿಸಿ.

"ಪುಟ್ಟಮ್ಮನ್ನ ಕರಿ."

"ಪುಟ್ಟಮ್ಮ ಅಂತ ಇಲ್ಲಿ ಯಾರೂ ಇಲ್ಲ. ವಿಮಲತಾಯಿ ಅವ್ರ. ಕರೀತೀನಿ, ಕೂತ್ಕಳಿ."

ಅಕ್ಕ ಬಂದಳು. ಬಿಳಿ ಸೀರೆ. ಅವಳನ್ನು ಬಣ್ಣವಿಲ್ಲದೆ ನಾನು ನೋಡಿದವನೇ ಅಲ್ಲ. ಗಂಡ ಸತ್ತಾಗಲೂ ಹಸಿರು ಬಿಟ್ಟಿರಲಿಲ್ಲ. ಇಬ್ಬರೂ ಎದುರುಬದರು ಕೂತೆವು. ರಂಗಸ್ವಾಮಿ ಮಣೆ ಎಳೆದುಕೊಂಡು ನಡುವೆ ಕೂತ.

"ಚೆನ್ನಾಗಿದ್ದೀಯಾ ಅಕ್ಕ?"

ಅಕ್ಕ ರಂಗಸ್ವಾಮಿಯನ್ನು ನೋಡಿದಳು. "ಗುರುಗಳ ದಯೆಯಿಂದ ಚೆನ್ನಾಗಿದ್ದೇನೆ," ಎಂದಳು. ಪುಸ್ತಕದ ಮಾತು. ನನ್ನ ಅಕ್ಕನ ಬಾಯಲ್ಲಿ ಹಕಾರ ಕೇಳಿದ್ದು ಅದೇ ಮೊದಲು. ದಯೆ ಎಂಬ ಮಾತೂ ಅದೇ ಮೊದಲು. ಗೌರಿಯ ಸುದ್ದಿ ಹೇಳಿದೆ. ಅವಳ ಕಣ್ಣು ಹೊಳೆಯಿತು. ಮತ್ತೆ ರಂಗಸ್ವಾಮಿಯ ಕಡೆ ಹೋಯಿತು.

ನನಗೆ ರೇಗಿತು. "ಅಕ್ಕತಮ್ಮ ಮಾತಾಡ್ವಾಗ ನೀನ್ ಯಾಕಲಾ ನಡುವ್ಲಿ? ಏಳು ಮ್ಯಾಕ್ಕ!"

ರಂಗಸ್ವಾಮಿ ಸಿಟ್ಟಾಗಲಿಲ್ಲ. ಬಹಳ ಮರ್ಯಾದೆಯಿಂದಲೇ ಹೇಳಿದ: "ಅಣ್ಣ, ಇದು ನೀವೇ ಏಳ್ಕೊಟ್ಟಿದ್ದು. ಕೊಳ್ಳೋನು ಮಾರೋನು ಇಬ್ರೇ ಕುಂತ್ರ ವ್ಯಾಪಾರ ಮುರೀತದ, ನಡುವ್ಲಿ ಒಬ್ಬ ದಲ್ಲಾಳಿ ಇರ್ಬೇಕು ಅಂದ್ರಲ್ಲ ನೀವು, ಶೆಡ್ಡಲ್ಲಿ? ಗುರುಗಳು ಆವತ್ತೇ ಬರ್ಕಂಡ್ರು."

ಹೇಳಿದ್ದೆನೇ? ಹೇಳಿರಬೇಕು. ಕಸುಬಿನ ಮಾತು, ದಿನಕ್ಕೆ ಹತ್ತು ಸಲ ಬಾಯಿಂದ ಉದುರುತ್ತದೆ. ಯಾರೋ ಒಬ್ಬ ಅದನ್ನು ಬರೆದಿಟ್ಟುಕೊಳ್ಳುತ್ತಾನೆ ಎಂದು ಯಾರಿಗೆ ಗೊತ್ತು?

ಎರಡನೆಯ ದಿನ

ಗುರುಗಳ ದರ್ಶನಕ್ಕೆ ಅಪ್ಪಣೆ ಸಿಕ್ಕಿತು. ದೊಡ್ಡ ಹಜಾರ, ಸುತ್ತ ಜನ. ಸಿದ್ದಪ್ಪ ಗಡ್ಡ ಬಿಟ್ಟಿದ್ದ, ಸೊರಗಿದ್ದ. ಹಳೇ ಸಲಿಗೆಯಲ್ಲಿ, "ಏನಪ್ಪ ಸಿದ್ದಪ್ಪ, ಕೈಗ ಸೂಜಿ ತಾಕ್ಸಿ ಎಷ್ಟ್ ದಿನ ಆಯ್ತು?" ಎಂದೆ.

ಅವನ ತುಟಿಯ ಒಂದು ಮೂಲೆ ಮೇಲಕ್ಕೆ ಎದ್ದಿತು. ನಗುತ್ತಾನೆ ಎಂದುಕೊಂಡೆ. ಆದರೆ ಸುತ್ತ ಕೂತವರ ಉಸಿರು ನಿಂತದ್ದು ನನಗೇ ಕೇಳಿಸಿತು, ಅವನಿಗೂ ಕೇಳಿಸಿರಬೇಕು. ತುಟಿ ಕೆಳಗಿಳಿಯಿತು.

ಆಮೇಲೆ ನಾನು ಮಾಡಿದ್ದು ದನದ ದಲ್ಲಾಳಿ ಮಾತ್ರ ಮಾಡುವ ಕೆಲಸ. ಕಾಲಿಗೆ ಬೀಳುವ ನೆಪದಲ್ಲಿ ಹತ್ತಿರ ಹೋಗಿ, ಹೆಗಲ ಟವೆಲನ್ನು ಅವನ ಬಲಗೈ ಮೇಲೆ ಹೊದಿಸಿ, ಒಳಗೆ ಬೆರಳು ಹಿಡಿದೆ. ಸಂತೆಯಲ್ಲಿ ಬೆಲೆ ಕಟ್ಟುವುದು ಹೀಗೆಯೇ. ಬಾಯಿ ಏನನ್ನೋ ಆಡುತ್ತಿರುತ್ತದೆ, ಟವೆಲ್ಲಿನ ಮರೆಯಲ್ಲಿ ಬೆರಳು ನಿಜ ಹೇಳುತ್ತದೆ. ಸಿದ್ದಪ್ಪನಿಗೂ ಇದು ಗೊತ್ತು. ಅವನ ಎತ್ತು ಕೊಡಿಸಿದವನು ನಾನೇ. ತೋರುಬೆರಳು ಒಂದನ್ನೇ ಹಿಡಿದು ಅದುಮಿದೆ. ಒಂದು. ಒಬ್ಬಳು. ಏನು ಕೇಳುತ್ತೀಯೋ ಕೇಳು, ಒಬ್ಬಳನ್ನು ಬಿಡು.

ಬೆರಳ ತುದಿಯಲ್ಲಿ ಹಳೇ ಸೂಜಿಯ ಗಂಟು ಇನ್ನೂ ಇತ್ತು. ಆ ಕೈ ಒಂದು ಗಳಿಗೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು, ಬಾವಿಗೆ ಬಿದ್ದವನು ಹಿಡಿಯುವ ಹಾಗೆ. ಆಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮಾಡಿ ಬಿಟ್ಟ. ಸಂತೆಯ ಭಾಷೆಯಲ್ಲಿ ಮುಷ್ಟಿ ಎಂದರೆ ವ್ಯಾಪಾರವಿಲ್ಲ.

ಬಾಯಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಹಗ್ಗ ಬದಲಾಯಿಸಿದ ಮೇಲೆ ಹಸು ಯಾರದು, ಮಾದಪ್ಪಣ್ಣ?" ಎಂದ.

ಸುತ್ತ ಕೂತವರು ಅದೇನೋ ವೇದಾಂತವೆಂದು ತಲೆದೂಗಿದರು. ಅದು ಟೀ ಅಂಗಡಿಯ ಬೆಂಚಿನ ಮಾತೆಂದು ಗೊತ್ತಿದ್ದವರು ನಾವಿಬ್ಬರೇ. ಅವನನ್ನು ಬಯ್ಯಬೇಕೆಂದು ಬಂದಿದ್ದೆ, ಬಯ್ಯಲಾಗಲಿಲ್ಲ. ಅವನ ಕತ್ತಿನಲ್ಲೂ ಹೊಸ ಹಗ್ಗವಿತ್ತು. ಹುರಿ ಮಾಡಿದವನು ನಾನು.

ಮೂರನೆಯ ದಿನ

ಹೊರಡುವ ಬೆಳಿಗ್ಗೆ ಅಕ್ಕ ಕೋಸಿನ ಹೊಲದಲ್ಲಿದ್ದಳು. ರಂಗಸ್ವಾಮಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ನಿಂತು, ಎತ್ತಲೋ ನೋಡಿ, "ಪೈಪು ಒಡ್ದದ ಅಂದ್ರು, ನೋಡ್ಕ ಬತ್ತೀನಿ" ಎಂದು ಏರಿಯಾಚೆ ಹೋದ. ಪೈಪು ಒಡೆದಿರಲಿಲ್ಲ.

ಅವನ ಬೆನ್ನು ಮರೆಯಾದದ್ದೇ ತಡ, ಅಕ್ಕ ನನ್ನ ಕೆನ್ನೆ ಹಿಡಿದಳು. "ಯಾಕ್ಲಾ ಮಾದ, ಇಂಗ್ ಒಣಿಕಂಡಿದ್ದೀಯೆ? ಎಂಡ್ತಿ ಇಟ್ಟು ಆಕ್ತಿಲ್ವಾ?"

ಎರಡು ವರ್ಷದ ಮೇಲೆ ನನ್ನ ಅಕ್ಕನ ದನಿ. "ಬಾಕ್ಕ, ಓಗವ. ಟಿಕೆಟ್ ತಂದಿವ್ನಿ. ಪಾಸ್‌ಪೋರ್ಟು ಎಲ್ಲಿ?"

"ಆಪೀಸ್ ಪೆಟ್ಗೇಲಿ. ಕೇಳುದ್ರ ಕೊಡ್ತಾರ ಕಣ್ಲಾ. ಓಯ್ತೀನಿ ಅಂದ್ರ ಯಾರೂ ಬ್ಯಾಡ ಅನ್ನಲ್ಲ."

"ಮತ್ತ?"

"ಒಬ್ರು ಎದ್ದೋದ್ರ ಮಿಕ್ಕೋರೆಲ್ಲ ಅವ್ರು ಬರಗಂಟ ಒಂದೊತ್ತು ಉಪಾಸ. ಓದ್ ವರ್ಸ ಒಬ್ಬ ಓದ. ಅದ್ನೇಳ್ ದಿನ ಕುಂತೊ. ರಂಗಸ್ವಾಮಿಗ ಸಕ್ಕರೆ ಕಾಯ್ಲೆ, ಬಿದ್ದೇಬುಟ್ಟ. ನನ್ ಒಳ್ಳೇದ ನೋಡ್ಕತೀನಿ ಅಂತ ಅವ್ರ್ ವಟ್ಟೆ ಮ್ಯಾಲ ಎಂಗ್ಲಾ ಒಡೀಲಿ? ಇವ್ರೂ ಈಗ ಮನೆಯೋರೇಯ."

"ಗೌರಿ ನಿನ್ ವಟ್ಟೆ ಅಲ್ವಾ?"

ಅವಳು ಒಂದು ಕೋಸಿನ ಹೊರಗಿನ ಎಲೆ ಕಿತ್ತಳು, ಇನ್ನೊಂದು ಕಿತ್ತಳು. "ಬಾಗ್ಲು ತೆಗ್ದೇ ಅದ ಮಾದ. ನಂಗೇ ಓಗಕ್ಕ ಬತ್ತಿಲ್ಲ."

ಬೆಲೆ ಹೇಳದ ವ್ಯಾಪಾರವನ್ನು ನಾನು ಕಂಡಿರಲಿಲ್ಲ. ಎಲ್ಲಿ ಬೆಲೆ ಇಳಿಸಬೇಕು, ಎಲ್ಲಿ ಎದ್ದು ನಡೆಯುವ ನಾಟಕ ಆಡಬೇಕು, ಒಂದೂ ತೋಚಲಿಲ್ಲ. ಅಳುತ್ತ ನಿಂತೆ.

ಅಕ್ಕ ಏರಿಯ ಮೇಲೆ ಇಟ್ಟಿದ್ದ ದಿಂಬನ್ನು ಎತ್ತಿಕೊಂಡಳು. ಬಿಸಿಲಿಗೆ ಹಾಕಲು ತಂದಿದ್ದಳಂತೆ. ಹೊಲಿಗೆ ಬಿಚ್ಚಿ ಒಳಗಿನಿಂದ ಒಂದು ಸೀರೆ ಎಳೆದಳು. ಹಸಿರು ಮೈ, ಕೆಂಪು ಅಂಚು. ಗೌರಿ ಕೂಸಾಗಿದ್ದಾಗ ಜೋಲಿ ಕಟ್ಟಿದ್ದ ಸೀರೆ. ಬಣ್ಣದ ಬಟ್ಟೆಯನ್ನೆಲ್ಲ ಬಂದ ದಿನವೇ ಉಗ್ರಾಣಕ್ಕೆ ಕೊಡಬೇಕಿತ್ತು. ಇದನ್ನು ದಿಂಬಿನೊಳಗೆ ತುಂಬಿ ಎರಡು ವರ್ಷ ತಲೆಯಡಿಗೆ ಇಟ್ಟುಕೊಂಡಿದ್ದಳು.

"ಗೌರಿ ಮಗೀಗ ಕಟ್ಟು. ಎಣ್ಣೆನೀರು ಆಕ್ವಾಗ ನೆತ್ತಿ ಜ್ವಾಪಾನ ಅನ್ನು. ನಿನ್ ಎಂಡ್ತಿ ಕೈ ಒರಟು, ಏಳು ಅವ್ಳಿಗ."

ತಿರುಗಿದರೆ ರಂಗಸ್ವಾಮಿ ನಿಂತಿದ್ದ. ಸೀರೆಯ ಒಂದು ಅಂಚು ನನ್ನ ಚೀಲದಿಂದ ಇನ್ನೂ ಹೊರಗಿತ್ತು. ಅವನು ಬಗ್ಗಿ ಅದನ್ನು ಒಳಗೆ ತುರುಕಿ, "ನಾ ಏನೂ ನೋಡ್ನಿಲ್ಲ ಅಣ್ಣ" ಎಂದ. ರಾಗಿ ಹಿಟ್ಟಿನ ಗಂಟನ್ನು ಅವನ ಕೈಗೇ ಕೊಟ್ಟೆ.

ಮತ್ತೆ ತಾಳವಾಡಿ

ವಿಮಾನದಲ್ಲಿ ಪಕ್ಕದ ಸೀಟು ಖಾಲಿ. ಅದರ ಮೇಲೆ ಸೀರೆಯ ಗಂಟು ಇಟ್ಟುಕೊಂಡು ಬಂದೆ. ಸೀರೆ ಕೊಟ್ಟಿದ್ದಾಳೆಂದರೆ ಮನಸ್ಸು ಇತ್ತಲೇ ಇದೆ, ಇವತ್ತಲ್ಲ ನಾಳೆ ಬರುತ್ತಾಳೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ದಿಂಬಂ ಹತ್ತುವಾಗ, ಯಾವುದೋ ತಿರುವಿನಲ್ಲಿ, ಹೊಳೆಯಿತು: ಮಾರಿದವನು ಹಳೇ ಹಗ್ಗವನ್ನು ಬಿಚ್ಚಿಕೊಂಡು ಮನೆಗೆ ಬರುತ್ತಾನೆ. ಹಗ್ಗ ಮನೆಗೆ ಬಂತೆಂದರೆ ವ್ಯಾಪಾರ ಮುಗಿಯಿತು ಎಂದೇ ಅರ್ಥ.

ಗೌರಿಗೆ ಹೆಣ್ಣುಮಗುವಾಯಿತು. ತೊಲೆಗೆ ಸೀರೆ ಕಟ್ಟಿ ಕೂಸನ್ನು ಮಲಗಿಸಿದೆವು. "ಅವ್ವ ಯಾವಾಗ ಬತ್ತಾಳ ಮಾವ?" ಎಂದು ಗೌರಿ ಕೇಳಿದಳು. ಎಷ್ಟೋ ಮುದಿ ಎತ್ತಿಗೆ ನಾಲ್ಕು ಹಲ್ಲೆಂದು ಸುಳ್ಳು ಹೇಳಿದ ಬಾಯಿ ಇದು. ಆವತ್ತು ಒಂದು ಸುಳ್ಳೂ ಒದಗಲಿಲ್ಲ. ಟೀ ಅಂಗಡಿಯಿಂದ ಶುರುಮಾಡಿ ಎಲ್ಲ ಹೇಳಿದೆ. ಗೌರಿ ಮುಖ ಗೋಡೆಗೆ ತಿರುಗಿಸಿಕೊಂಡು ಮಲಗಿದಳು. ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಆಡಿದಳು, ಆದರೆ ಮಾವ ಎಂದು ಕರೆಯುವಾಗಿನ ಆ ಎಳೆತ ಹೋಗಿತ್ತು.

ಓದುವವರಿಗೆ ನಾಲ್ಕು ಮಾತು ಹೇಳದೆ ಮುಗಿಸುವುದು ನನ್ನ ಜಾಯಮಾನವಲ್ಲ. ಮನೆಯವರು ಭಜನೆಗೆ ಹೊರಟರೆ ತಡೆಯಬೇಡಿ. ಒಳ್ಳೆಯ ಭಜನೆ ಎಷ್ಟೋ ಮನೆ ಉಳಿಸಿದೆ. ಒಂದು ದಿನ ನೀವೂ ಹೋಗಿ. ಗುರುವಿನ ಮೇಲೆ ಒಂದು ಸಣ್ಣ ತಮಾಷೆ ಮಾಡಿ. ಅವನು ನಗುತ್ತಾನೋ ಇಲ್ಲವೋ ಬಿಡಿ, ಸುತ್ತ ಕೂತವರು ನಗುವ ಮುಂಚೆ ಯಾರ ಮುಖ ನೋಡುತ್ತಾರೆ ಎಂಬುದನ್ನು ನೋಡಿ. ಬಿಟ್ಟುಹೋದವರು ಈಗ ಹೇಗಿದ್ದಾರೆ ಎಂದು ಕೇಳಿ. ಯಾರಾದರೂ ಅವರ ಯೋಗಕ್ಷೇಮ ಹೇಳಿದರೆ ಅದು ಭಜನೆ. ಎಲ್ಲರೂ ಸುಮ್ಮನಾದರೆ ಅದು ದೊಡ್ಡಿ, ಗೋಡೆ ಕಾಣದಿದ್ದರೂ ದೊಡ್ಡಿಯೇ. ಹೊರದೇಶಕ್ಕೆ ಹೋಗುವವರು ಪಾಸ್‌ಪೋರ್ಟನ್ನು ಸ್ವಂತ ಸೊಂಟದಲ್ಲಿ ಇಟ್ಟುಕೊಳ್ಳಿ. ಮಲೇಷ್ಯಾದ ಟ್ಯಾಕ್ಸಿಯವರ ಹತ್ತಿರ ಚೌಕಾಸಿ ಬೇಡ. ರಾಗಿ ಹಿಟ್ಟನ್ನು ಒಣದಾಗಿ ಬಾಯಿಗೆ ಹಾಕಿಕೊಳ್ಳಬೇಡಿ.

ಇನ್ನೊಂದಿದೆ. ಒಳ್ಳೆಯವನೊಬ್ಬ ನಿಮ್ಮ ಪಕ್ಕದಲ್ಲಿ ಬಂದು ಕೂತು, ಬಂದ ಜನ ಬಿಟ್ಟುಹೋಗದ ಹಾಗೆ ಏನು ಮಾಡಬೇಕು ಎಂದು ಕೇಳಿದರೆ, ಟೀ ಕುಡಿಯಿರಿ, ಲೋಟ ಕೆಳಗಿಡಿ, ಗೊತ್ತಿಲ್ಲಪ್ಪ ಎಂದು ಹೇಳಿ ಎದ್ದು ಬನ್ನಿ. ಗೊತ್ತಿದ್ದರೂ.